ವಂಶವೃಕ್ಷದಲ್ಲಿ ಹೆಸರಿದೆ, ಕಾಯಿಲೆ ಎಲ್ಲಿ?

ಬೇಸಿಗೆ ರಜೆ ಬಂತೆಂದರೆ ಮದುವೆ, ಮುಂಜಿ, ಗೃಹಪ್ರವೇಶಗಳ ಜೊತೆಗೆ ಈಗ ಇನ್ನೊಂದು ಕರೆಯೋಲೆಯೂ ಮನೆಗೆ ಬರುತ್ತದೆ. 'ಕುಟುಂಬ ಮಿಲನ' ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಒಬ್ಬನೇ ಮೂಲಪುರುಷನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ನೂರಿನ್ನೂರು ಮಂದಿ ಊರಿನ ಹಳೆಯ ಮನೆಯಲ್ಲೋ ಪೇಟೆಯ ಕಲ್ಯಾಣಮಂಟಪದಲ್ಲೋ ಸೇರುತ್ತಾರೆ. ಮನೆದೇವರಿಗೆ ಪೂಜೆ, ಎಂಬತ್ತು ದಾಟಿದವರಿಗೆ ಶಾಲು ಹೊದಿಸಿ ಸನ್ಮಾನ, ಮಕ್ಕಳಿಂದ ಹಾಡು ಕುಣಿತ, ಮಧ್ಯಾಹ್ನ ಹೋಳಿಗೆ ಊಟ. ವೇದಿಕೆಯ ಹಿಂದೆ ದೊಡ್ಡ ಬಟ್ಟೆಯ ಮೇಲೆ ವಂಶವೃಕ್ಷ. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಇದು ಒಳ್ಳೆಯ ಪದ್ಧತಿ. ನಮಗೆ ತೀರ ಹೊಸದೂ ಅಲ್ಲ. ಕೊಡಗಿನಲ್ಲಿ ಪ್ರತಿ ಒಕ್ಕಕ್ಕೂ ಒಂದು ಐನ್‌ಮನೆ ಇದೆ. ಹುತ್ತರಿಗೆ ಎಲ್ಲರೂ ಅಲ್ಲಿ ಸೇರಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವೂ ಒಂದರ್ಥದಲ್ಲಿ ಇಂಥ ಮಿಲನವೇ. ಒಂದೇ ಮನೆಹೆಸರಿನವರು ಒಂದು ತಂಡವಾಗಿ ಆಡಬೇಕಾದರೆ ಯಾರು ಯಾರ ಮಗ ಎಂಬುದು ಮೊದಲು ಗೊತ್ತಿರಬೇಕಲ್ಲ! ಕರಾವಳಿಯಲ್ಲಿ ಕುಟುಂಬದ ಮನೆಯ ತಂಬಿಲಕ್ಕೂ ಕೋಲಕ್ಕೂ ಮುಂಬೈಯಿಂದ ಜನ ಬಸ್ಸು ಹತ್ತಿ ಬರುತ್ತಾರೆ. ಇನ್ನು ಬಯಲುಸೀಮೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸ ಮಾಡಲು ಒಂದು ಸಮುದಾಯವೇ ಇತ್ತು. ಹೆಳವರು ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿಂದಿನ ತಲೆಮಾರುಗಳನ್ನು ಹೆಸರು ಹಿಡಿದು ಹೇಳುತ್ತಿದ್ದರು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಗುಳೆ ಎದ್ದು ಬಂದರು, ಬೆಡಗು ಯಾವುದು, ಹೊಸದಾಗಿ ಹುಟ್ಟಿದ ಗಂಡುಮಗುವಿನ ಹೆಸರೇನು ಎಲ್ಲವೂ ಅವರ ಬಾಯಲ್ಲಿ ಮತ್ತು ಹೊತ್ತಗೆಯಲ್ಲಿ ಇರುತ್ತಿತ್ತು. ಕಾಳು, ಬಟ್ಟೆ, ಕೆಲವೆಡೆ ಕರುವನ್ನೂ ಕೊಟ್ಟು ಕಳಿಸುವ ವಾಡಿಕೆ.

ಇಷ್ಟೆಲ್ಲ ಸರಿ. ಆದರೆ ಆರೋಗ್ಯದ ಅಂಕಣ ಬರೆಯುವವರಿಗೆ ಈ ವಂಶವೃಕ್ಷ ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಹೆಸರಿದೆ, ಪದವಿ ಇದೆ, ಅಮೆರಿಕದಲ್ಲಿರುವವರ ಊರಿನ ಹೆಸರೂ ಇದೆ. ಮುತ್ತಜ್ಜ ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದು ಮಾತ್ರ ಎಲ್ಲಿಯೂ ಇಲ್ಲ.

ಯಾವ ಡಾಕ್ಟರರ ಬಳಿ ಹೋದರೂ ಅವರು ಕೇಳುವ ಮೊದಲ ನಾಲ್ಕೈದು ಪ್ರಶ್ನೆಗಳಲ್ಲಿ ಒಂದು ಇದು: 'ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇತ್ತೇ?' ನಮ್ಮಲ್ಲಿ ಹತ್ತರಲ್ಲಿ ಎಂಟು ಮಂದಿ ತಲೆ ಕೆರೆದುಕೊಂಡು 'ಇಲ್ಲ ಡಾಕ್ಟ್ರೇ, ನಮ್ಮದು ಗಟ್ಟಿ ವಂಶ' ಎಂದುಬಿಡುತ್ತೇವೆ. ಇಲ್ಲ ಎಂಬುದಕ್ಕೂ ಗೊತ್ತಿಲ್ಲ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಪರೀಕ್ಷೆಯನ್ನು ಈಗಲೇ ಮಾಡಿಸಬೇಕೋ, ಹತ್ತು ವರ್ಷ ಬಿಟ್ಟು ಮಾಡಿಸಿದರೆ ಸಾಕೋ ಎಂಬುದು ಈ ಒಂದು ಉತ್ತರದ ಮೇಲೆ ನಿಂತಿರುತ್ತದೆ.

ಒಂದು ಉದಾಹರಣೆ ನೋಡಿ. ನಿಮ್ಮ ತಂದೆಗೋ ಅಣ್ಣನಿಗೋ 55 ವರ್ಷಕ್ಕೆ ಮೊದಲು, ಅಥವಾ ತಾಯಿಗೋ ಅಕ್ಕನಿಗೋ 65ಕ್ಕೆ ಮೊದಲು ಹೃದಯಾಘಾತ ಆಗಿದ್ದರೆ ನಿಮ್ಮನ್ನು ಹೆಚ್ಚು ಅಪಾಯವಿರುವವರ ಸಾಲಿಗೆ ವೈದ್ಯರು ಸೇರಿಸುತ್ತಾರೆ. ಕೊಲೆಸ್ಟರಾಲ್ ಪರೀಕ್ಷೆ ಬೇಗ ಶುರುವಾಗುತ್ತದೆ, ಸಿಗರೇಟಿನ ಬಗ್ಗೆ ಬೈಗುಳವೂ ಜೋರಾಗಿರುತ್ತದೆ. ಅದೇ ಹೃದಯಾಘಾತ ತಂದೆಗೆ 80ರಲ್ಲಿ ಆಗಿದ್ದರೆ ಅದಕ್ಕೆ ಅಷ್ಟು ಮಹತ್ವವಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಇನ್ನೊಂದು. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಅದು ಬಂದಿದ್ದರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಇಲ್ಲವೇ ನಿಮ್ಮ 40ನೇ ವಯಸ್ಸಿಗೆ, ಯಾವುದು ಮೊದಲೋ ಆಗ ತಪಾಸಣೆ ಆರಂಭಿಸಬೇಕೆಂದು ಹೇಳುತ್ತಾರೆ. ಆದ್ದರಿಂದ ಕಾಯಿಲೆಯ ಹೆಸರು ಮಾತ್ರ ಸಾಲದು, ವಯಸ್ಸೂ ಬೇಕು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯೂ ಹೀಗೆಯೇ. ಸದ್ದಿಲ್ಲದೆ ದೃಷ್ಟಿ ಕಸಿಯುವ ಈ ಕಾಯಿಲೆ ಅಣ್ಣನಿಗೆ ಇದ್ದರೆ ತಮ್ಮನೂ ತಂಗಿಯೂ ಕಣ್ಣಿನ ಒತ್ತಡ ಪರೀಕ್ಷಿಸಿಕೊಳ್ಳಲೇಬೇಕು. ಅಣ್ಣ ಹೇಳಿದರೆ ತಾನೆ!

ಪುಣ್ಯವಂತರ ಸಾವು

ಹಿರಿಯರನ್ನು ಕೇಳಿದರೆ ಕಾಯಿಲೆಯ ಹೆಸರು ಸಿಗುವುದಿಲ್ಲ. ಅವರ ಕಾಲದಲ್ಲಿ ಆ ಹೆಸರುಗಳೇ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದವರೂ ವಿರಳ. ಅವರು ಕಥೆ ಹೇಳುತ್ತಾರೆ. ಆ ಕಥೆಯೊಳಗೆ ಕಾಯಿಲೆ ಅಡಗಿರುತ್ತದೆ.

'ನಿಮ್ಮಜ್ಜ ಪುಣ್ಯವಂತರು ಕಣಪ್ಪಾ. ಬೆಳಿಗ್ಗೆ ಸ್ನಾನ ಮಾಡಿ ಕಾಫಿ ಕುಡಿದು ಜಗಲಿಯಲ್ಲಿ ಕೂತಿದ್ದರು. ಕೂತಲ್ಲೇ ಹೋಗಿಬಿಟ್ಟರು. ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ.' ಈ ಮಾತನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ನಾವು ಅದನ್ನು ಅನಾಯಾಸ ಮರಣ ಎಂದು ಹೊಗಳುತ್ತೇವೆ. ಆ ಪುಣ್ಯವಂತರಿಗೆ ಆಗ ಎಷ್ಟು ವಯಸ್ಸು ಎಂದು ಮಾತ್ರ ಕೇಳುವುದಿಲ್ಲ. ಅಜ್ಜಿಗೆ ಆಗ ಮೂವತ್ತೆಂಟು, ಕೊನೆಯ ಮಗು ತೊಟ್ಟಿಲಲ್ಲಿತ್ತು ಎಂದು ಲೆಕ್ಕ ಹಾಕಿ ನೋಡಿದರೆ ಅಜ್ಜನಿಗೆ ನಲವತ್ತೈದು ದಾಟಿರಲಿಕ್ಕಿಲ್ಲ. ಅದು ಬಹುಮಟ್ಟಿಗೆ ಹೃದಯದ ಕಾಯಿಲೆ. ಅವರ ತಮ್ಮನೂ ಹೀಗೆಯೇ ಹೊಲದಲ್ಲಿ ಕುಸಿದು ಹೋದರು ಎಂದು ಯಾರಾದರೂ ಸೇರಿಸಿದರೆ, ಆ ಮನೆಯ ಮೊಮ್ಮಕ್ಕಳು ಅದನ್ನು ಪುಣ್ಯದ ಲೆಕ್ಕಕ್ಕೆ ಬರೆಯದೆ ಹೃದಯ ತಜ್ಞರ ಬಳಿ ಹೋಗುವುದು ಒಳಿತು.

'ಕಾಲಿಗೆ ಮುಳ್ಳು ಚುಚ್ಚಿದ್ದೇ ನೆವ, ಗಾಯ ಮಾಯಲೇ ಇಲ್ಲ, ಕಾಲು ಕೊಳೆತುಹೋಯಿತು' ಎಂದರೆ ಮಧುಮೇಹವನ್ನು ಅನುಮಾನಿಸಬೇಕು. 'ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಯಿತು' ಎಂದರೆ ಹಿಂದೆ ಬಿ.ಪಿ. ಇದ್ದಿರಬಹುದು. 'ಹೊಟ್ಟೆಯಲ್ಲಿ ಗೆಡ್ಡೆ ಆಗಿತ್ತು', 'ಎದೆಯಲ್ಲಿ ಹುಣ್ಣಾಗಿ ಯಾರಿಗೂ ತೋರಿಸದೆ ಸುಮ್ಮನಿದ್ದಳು' ಎಂಬ ಮಾತುಗಳಲ್ಲಿ ಕ್ಯಾನ್ಸರ್ ಇರಬಹುದು. 'ಗಾಳಿ ಸೋಕಿತ್ತು', 'ಬಾವಿಗೆ ಕಾಲು ಜಾರಿ ಬಿದ್ದಳು' ಎಂಬ ಮಾತುಗಳ ಹಿಂದೆ ಹೆರಿಗೆಯ ನಂತರದ ಖಿನ್ನತೆಯೋ ಬೇರೆ ಮಾನಸಿಕ ಕಾಯಿಲೆಯೋ ಇದ್ದಿರಬಹುದು. ಇವೆಲ್ಲ ಊಹೆ ಮಾತ್ರ, ನಿಜ. ಅಜ್ಜಿಯ ಮಾತಿನಿಂದಲೇ ರೋಗ ನಿಶ್ಚಯ ಮಾಡಲಾಗದು. ಆದರೆ ಎರಡು ಮೂರು ಮನೆಗಳಲ್ಲಿ ಒಂದೇ ಬಗೆಯ ಕಥೆ ಕೇಳಿಬಂದರೆ ವೈದ್ಯರಿಗೆ ಅಷ್ಟು ಸುಳಿವು ಸಾಕು.

ತಲೆಮಾರುಗಳನ್ನು ಬರೆದು ನೋಡುವುದರ ಬೆಲೆ ಏನೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಸೊಂಟ, ಮೊಣಕಾಲಿನ ಕೀಲುಗಳು ನೋಯುತ್ತ, ಬಾಗುತ್ತ, ಕೊನೆಗೆ ನಡೆಯಲಾಗದಂತೆ ಮಾಡುವ ಕಾಯಿಲೆಯೊಂದು ಬೆಳಕಿಗೆ ಬಂತು. ಬಡ ಕೂಲಿಕಾರರಲ್ಲೇ ಹೆಚ್ಚಾಗಿ ಕಂಡದ್ದರಿಂದ, ಕೀಟನಾಶಕ ಬೆರೆತ ಗದ್ದೆಯ ಏಡಿ, ಮೀನುಗಳನ್ನು ತಿಂದದ್ದೇ ಕಾರಣವೆಂದು ಮೊದಲು ಅನುಮಾನಿಸಲಾಯಿತು. ಮುಂದೆ ಸಂಶೋಧಕರು ಕಾಯಿಲೆ ಬಂದ ಕುಟುಂಬಗಳ ವಂಶಾವಳಿಯನ್ನು ಬಿಡಿಸಿ ನೋಡಿದಾಗ ಇದು ತಂದೆ ತಾಯಿಯರಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಹರಿಯಬಲ್ಲ, ಮೂಳೆ ಮತ್ತು ಕೀಲುಗಳ ಬೆಳವಣಿಗೆಯ ಅನುವಂಶೀಯ ದೋಷ ಎಂಬ ತೀರ್ಮಾನಕ್ಕೆ ಬಂದರು. 'ಹಂದಿಗೋಡು ಕಾಯಿಲೆ' ಎಂದೇ ವೈದ್ಯಗ್ರಂಥಗಳಲ್ಲಿ ಅದು ದಾಖಲಾಗಿದೆ. ಏಡಿಯ ಮೇಲಿದ್ದ ಅನುಮಾನ ಬದಲಾದದ್ದು ಯಾರ ಮಗ ಯಾರು ಎಂದು ಕೇಳಿ ಬರೆದುಕೊಂಡಿದ್ದರಿಂದ.

ಅರ್ಧ ಮರ

ಈಗ ನಮ್ಮ ಕಲ್ಯಾಣಮಂಟಪದ ವಂಶವೃಕ್ಷಕ್ಕೆ ಮರಳೋಣ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿದೆ ಎಂದು ಎಣಿಸಿ ನೋಡಿದ್ದೀರಾ? ಬಹುಪಾಲು ವಂಶವೃಕ್ಷಗಳಲ್ಲಿ ಗಂಡಿನ ಕೊಂಬೆಗಳು ಮಾತ್ರ ಬೆಳೆಯುತ್ತವೆ. ಮಗಳ ಹೆಸರಿದ್ದರೂ ಅಲ್ಲಿಗೆ ಕೊಂಬೆ ಮುಗಿಯಿತು, ಅವಳು 'ಕೊಟ್ಟ ಹೆಣ್ಣು'. ಸೊಸೆಯ ಹೆಸರಿದ್ದರೆ ಅವಳ ತವರಿನ ಸುದ್ದಿ ಇಲ್ಲ. ಅಳಿಯಸಂತಾನದ ಕರಾವಳಿ ಕುಟುಂಬಗಳಲ್ಲಿ ಇದು ತಿರುವುಮುರುವು. ಅಲ್ಲಿ ತಾಯಿಯ ಕಡೆಯದು ಪೂರ್ತಿ ಇರುತ್ತದೆ, ತಂದೆ ಎಲ್ಲಿಂದಲೋ ಬಂದವರು. ಆಸ್ತಿಯ ಲೆಕ್ಕಕ್ಕೂ ಸೂತಕದ ಲೆಕ್ಕಕ್ಕೂ ಈ ಅರ್ಧ ಮರ ಸಾಕು. ದೇಹದ ಲೆಕ್ಕಕ್ಕೆ ಸಾಲದು. ಪ್ರತಿ ಮಗುವಿಗೂ ವಂಶವಾಹಿಗಳು ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಕುಲ ಯಾವುದೆಂದು ಅವು ಕೇಳುವುದಿಲ್ಲ.

ಕುಸುಮ ರೋಗವನ್ನೇ ತೆಗೆದುಕೊಳ್ಳಿ. ಸಣ್ಣ ಗಾಯವಾದರೂ ರಕ್ತ ನಿಲ್ಲದ ಈ ಕಾಯಿಲೆ ಬರುವುದು ಸಾಮಾನ್ಯವಾಗಿ ಗಂಡುಮಕ್ಕಳಿಗೆ, ಆದರೆ ದಾಟಿಸುವುದು ಹೆಚ್ಚಾಗಿ ತಾಯಿ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯಿಂದ ಅದು ಅವಳ ಹೆಣ್ಣುಮಕ್ಕಳ, ಮೊಮ್ಮಗಳ ಮೂಲಕ ರಷ್ಯದ ರಾಜಕುಮಾರ ಅಲೆಕ್ಸಿಯವರೆಗೆ ಹೋಯಿತು. 2009ರಲ್ಲಿ ಆ ರಾಜಕುಟುಂಬದ ಮೂಳೆಗಳನ್ನು ಪರೀಕ್ಷಿಸಿದಾಗ ಅದು ಕುಸುಮ ರೋಗದ 'ಬಿ' ವರ್ಗ ಎಂಬುದು ಖಚಿತವಾಯಿತು. ಗಂಡುಸಂತಾನವನ್ನು ಮಾತ್ರ ಬರೆಯುವ ನಮ್ಮ ವಂಶವೃಕ್ಷದಲ್ಲಿ ಈ ದಾರಿ ಕಾಣುತ್ತಲೇ ಇರಲಿಲ್ಲ. ಇನ್ನೊಂದು ಕಡೆಯಿಂದ ನೋಡಿ. ಸ್ತನದ ಕ್ಯಾನ್ಸರ್ ಹೆಂಗಸರ ಕಾಯಿಲೆ, ಹಾಗಾಗಿ ತಾಯಿಯ ಕಡೆ ಮಾತ್ರ ಕೇಳಿದರೆ ಸಾಕು ಎಂದು ಬಹಳ ಮಂದಿ ನಂಬಿದ್ದಾರೆ. 1994 ಮತ್ತು 1995ರಲ್ಲಿ ಪತ್ತೆಯಾದ ಎರಡು ಮುಖ್ಯ ವಂಶವಾಹಿಗಳ ದೋಷ ತಂದೆಯಿಂದಲೂ ಮಗಳಿಗೆ ಬರಬಹುದು. ಆದ್ದರಿಂದ ನಿಮ್ಮ ಸೋದರತ್ತೆಯರ ಆರೋಗ್ಯ ನಿಮಗೂ ಸಂಬಂಧಪಟ್ಟದ್ದು.

ಅರ್ಧ ಮರದ ಇನ್ನೊಂದು ಪರಿಣಾಮ ನಮ್ಮ ಮದುವೆಗಳಲ್ಲಿದೆ. ಒಂದೇ ಗೋತ್ರ, ಒಂದೇ ಬೆಡಗು, ಒಂದೇ ಬಳಿಯಲ್ಲಿ ಮದುವೆ ಕೂಡದು ಎಂದು ಎಷ್ಟು ಕಟ್ಟುನಿಟ್ಟು! ಹತ್ತು ತಲೆಮಾರಿನ ಹಿಂದೆ ಬೇರೆಯಾದ, ರಕ್ತದ ಹಂಚಿಕೆ ಏನೂ ಉಳಿದಿರದ ಸಗೋತ್ರದ ಹುಡುಗಿಯನ್ನು ಬೇಡ ಎನ್ನುತ್ತೇವೆ. ಅಕ್ಕನ ಮಗಳ ಗೋತ್ರ ಬೇರೆಯಾದ್ದರಿಂದ ಅವಳನ್ನು ತಂದುಕೊಳ್ಳುತ್ತೇವೆ. ಸೋದರಮಾವನಿಗೂ ಸೊಸೆಗೂ ವಂಶವಾಹಿಗಳಲ್ಲಿ ನಾಲ್ಕನೆಯ ಒಂದು ಭಾಗ ಸಮಾನ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೆಯ ಒಂದು ಭಾಗ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆದದ್ದಾಗಿತ್ತು. ಈಗ ಅದು ಇಳಿಯುತ್ತಿದೆ, ನಿಂತಿಲ್ಲ. ಹಾಗೆಂದು ಇಂಥ ಮದುವೆಯ ಮಕ್ಕಳೆಲ್ಲ ದೋಷದಿಂದ ಹುಟ್ಟುತ್ತಾರೆ ಎಂದು ಹೆದರಿಸುವುದೂ ತಪ್ಪು. ಸಾಮಾನ್ಯವಾಗಿ ನೂರು ಹೆರಿಗೆಗಳಲ್ಲಿ ಎರಡು ಮೂರು ಶಿಶುಗಳಿಗೆ ಯಾವುದಾದರೂ ಜನ್ಮದೋಷ ಇರುವುದಾದರೆ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಆಗಲೇ ಹುಟ್ಟುಕಿವುಡು, ಬುದ್ಧಿಮಾಂದ್ಯ, ಕಾರಣ ತಿಳಿಯದೆ ಸತ್ತ ಎಳೆಮಕ್ಕಳು ಇದ್ದರೆ ಮತ್ತೆ ಅದೇ ಮನೆಯೊಳಗೆ ಸಂಬಂಧ ಬೆಳೆಸುವ ಮುನ್ನ ಜಾತಕದವರ ಬಳಿ ಹೋಗುವಷ್ಟೇ ಶ್ರದ್ಧೆಯಿಂದ ಅನುವಂಶೀಯ ರೋಗಗಳ ತಜ್ಞರ ಬಳಿಗೂ ಹೋಗಿ ಬನ್ನಿ.

ಸಮುದಾಯದೊಳಗೇ ಮದುವೆಯಾಗುತ್ತ ಬಂದುದರ ಫಲ ಆಪರೇಷನ್ ಥಿಯೇಟರಿನಲ್ಲೂ ಕಾಣಿಸುತ್ತದೆ. ಉಸಿರಿನ ನಳಿಕೆ ಹಾಕುವಾಗ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧದ ಪರಿಣಾಮ ಸಾಮಾನ್ಯರಲ್ಲಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವುದರಿಂದ ಗಂಟೆಗಟ್ಟಲೆ ತಾವಾಗಿ ಉಸಿರಾಡಲಾಗದೆ ಯಂತ್ರದ ಆಸರೆ ಬೇಕಾಗುತ್ತದೆ. ಮೊದಲೇ ತಿಳಿದಿದ್ದರೆ ಬೇರೆ ಔಷಧ ಕೊಟ್ಟು ಮುಗಿಸಬಹುದು. ಆದ್ದರಿಂದ ನೀವು ಯಾವ ಸಮುದಾಯದವರೇ ಆಗಿರಿ, 'ಆಪರೇಷನ್ ಆದಮೇಲೆ ಚಿಕ್ಕಪ್ಪನಿಗೆ ಎಚ್ಚರವಾಗುವುದು, ಉಸಿರಾಡುವುದು ತುಂಬ ತಡವಾಯಿತು' ಎಂಬ ಮನೆಯ ಸುದ್ದಿಯನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಿ.

ಮುಚ್ಚಿಡುವ ಮಾತು

ಇಷ್ಟಾದರೂ ಜನ ಹೇಳುವುದಿಲ್ಲ. ಯಾಕೆಂಬುದೂ ನಮಗೆಲ್ಲ ಗೊತ್ತು. 'ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ!' ಮೂರ್ಛೆರೋಗ, ಮಾನಸಿಕ ಕಾಯಿಲೆ, ತೊನ್ನು, ಕುಷ್ಠ, ಕ್ಷಯ ಇವುಗಳ ಹೆಸರೆತ್ತಿದರೆ ಮನೆಯ ಮಾನ ಹೋಯಿತು ಎನ್ನುವ ಭಯ. ಈ ಭಯದ ಬಹುಭಾಗ ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ. ಕುಷ್ಠವೂ ಕ್ಷಯವೂ ರೋಗಾಣುವಿನಿಂದ ಬರುವಂಥವು, ಔಷಧದಿಂದ ವಾಸಿಯಾಗುವಂಥವು; ವಂಶದಲ್ಲಿ ಹರಿಯುವಂಥವಲ್ಲ. ತೊನ್ನು ಅಂಟುಜಾಡ್ಯವಲ್ಲ. ಸ್ಕಿಜೋಫ್ರೀನಿಯಾದಂತಹ ಕಾಯಿಲೆಗೆ ವಂಶದ ಪಾತ್ರವಿದೆ ಎನ್ನುವುದು ದಿಟ. ಆದರೆ ತಂದೆ ತಾಯಿಯರಲ್ಲಿ ಒಬ್ಬರಿಗೆ ಅದಿದ್ದಾಗಲೂ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಬರುವುದಿಲ್ಲ. ಈ ಒಂಬತ್ತರ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಆದ್ದರಿಂದ ಕುಟುಂಬ ಮಿಲನದಲ್ಲಿ ಮೈಕು ಹಿಡಿದು 'ನಮ್ಮ ವಂಶದಲ್ಲಿ ಯಾರಿಗೆ ಏನು ಕಾಯಿಲೆ ಇದೆ, ಎದ್ದು ನಿಂತು ಹೇಳಿ' ಎಂದು ಕೇಳಬೇಡಿ. ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಹಾಕುವುದಂತೂ ಕೂಡದು. ಆ ಪಟ್ಟಿ ಮದುವೆ ದಲ್ಲಾಳಿಯ ಕೈಗೆ ಸಿಕ್ಕರೆ ಆಗುವ ಅನಾಹುತ ನಿಮಗೇ ಗೊತ್ತು. ಕೇಳಬೇಕಾದ್ದು ಒಬ್ಬೊಬ್ಬರನ್ನೇ, ಪಕ್ಕದಲ್ಲಿ ಕುಳಿತು. ಬರೆಯಬೇಕಾದ್ದು ನಿಮ್ಮ ನೋಟುಪುಸ್ತಕದಲ್ಲಿ. ಬದುಕಿರುವವರ ಕಾಯಿಲೆಯನ್ನು ಅವರ ಒಪ್ಪಿಗೆಯಿಲ್ಲದೆ ಬರೆಯುವುದು ಸಭ್ಯತೆಯಲ್ಲ.

ಅಮೆರಿಕದಲ್ಲಿ 2004ರಿಂದ ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವನ್ನೇ ಕುಟುಂಬದ ಆರೋಗ್ಯ ಚರಿತ್ರೆಯ ದಿನ ಎಂದು ಸಾರಿದರು. ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂರುವ ದಿನ ಅದು, ಮಾತಾಡಿಕೊಳ್ಳಲಿ ಎಂದು. ಅಲ್ಲಿರುವ ನಮ್ಮ ಮಕ್ಕಳು ಆಸ್ಪತ್ರೆಯ ಫಾರಂ ತುಂಬುವಾಗ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ 'ಅಮ್ಮಾ, ತಾತನಿಗೆ ಏನಾಗಿತ್ತು?' ಎಂದು ಕೇಳುವುದು ಈ ಕಾರಣಕ್ಕೇ. ಇನ್ನು ಕೆಲವರು ಉಗುಳನ್ನು ಡಬ್ಬಿಯಲ್ಲಿ ತುಂಬಿ ಕಳಿಸಿ ವಂಶದ ಮೂಲ ತಿಳಿಯುವ ಹೊಸ ಪರೀಕ್ಷೆಗೆ ಮಾರುಹೋಗಿದ್ದಾರೆ. ಕುತೂಹಲಕ್ಕೆ ಸರಿ. ಆದರೆ ಅಂಥ ಸೇವೆಯಲ್ಲಿ ಹೆಸರುವಾಸಿಯಾದ ಅಮೆರಿಕದ ಕಂಪನಿಯೊಂದರಿಂದ 2023ರಲ್ಲಿ ಲಕ್ಷಾಂತರ ಗ್ರಾಹಕರ ಮಾಹಿತಿ ಕಳ್ಳರ ಪಾಲಾಯಿತು, 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ನಿಮ್ಮ ಅಜ್ಜಿಯ ನೆನಪಿಗೆ ಖರ್ಚೂ ಇಲ್ಲ, ಇಂಥ ಅಪಾಯವೂ ಇಲ್ಲ.

ವಂಶದಲ್ಲಿ ಇದೆ ಎಂದ ಮಾತ್ರಕ್ಕೆ ಹಣೆಬರಹ ಎಂದು ಕೈಚೆಲ್ಲುವವರೂ ಇದ್ದಾರೆ. 'ಅಪ್ಪನಿಗೂ ಇತ್ತು, ನನಗೂ ಬಂತು, ಏನು ಮಾಡಲಾದೀತು' ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವ ಮಹನೀಯರು. ಮಧುಮೇಹದ ಅಪಾಯ ಅಳೆಯಲು ಚೆನ್ನೈನ ವೈದ್ಯರು ರೂಪಿಸಿದ ಭಾರತೀಯ ಅಂಕಪಟ್ಟಿಯೊಂದಿದೆ. ಒಟ್ಟು ನೂರು ಅಂಕ. ಅದರಲ್ಲಿ ತಂದೆ ತಾಯಿ ಇಬ್ಬರಿಗೂ ಮಧುಮೇಹವಿದ್ದರೆ 20 ಅಂಕ, ಒಬ್ಬರಿಗಿದ್ದರೆ 10. ವ್ಯಾಯಾಮವಿಲ್ಲದೆ ಕೂತೇ ಕಾಲ ಕಳೆಯುವವರಿಗೆ 30! ಸೊಂಟದ ಸುತ್ತಳತೆಗೂ 20ರವರೆಗೆ ಇದೆ. ವಂಶಕ್ಕಿಂತ ಕುರ್ಚಿಗೇ ಹೆಚ್ಚು ಅಂಕ ಎಂಬುದನ್ನು ಗಮನಿಸಿ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಅಷ್ಟೂ ಮಂದಿಯ ಅಜ್ಜಂದಿರಿಗೆ ಈ ಕಾಯಿಲೆ ಇರಲಿಲ್ಲ.

ವಂಶವಾಹಿಗಳಷ್ಟೇ ಅಲ್ಲ, ಹಸಿವೂ ತಲೆಮಾರು ದಾಟುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಶಿಶುಗಳ ತೂಕ, ಉದ್ದ ಬರೆದಿಟ್ಟ ಹಳೆಯ ದಾಖಲೆಗಳಿದ್ದವು. ಹಾಗೆ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬಂತು. 1996ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆದ್ದರಿಂದ 'ಆ ವರ್ಷ ಬರ ಬಿದ್ದಿತ್ತು, ಬಸುರಿಯಲ್ಲಿ ಗಂಜಿ ಕುಡಿದು ಬದುಕಿದೆವು, ಮಗು ಅಂಗೈಯಷ್ಟಿತ್ತು' ಎಂದು ಮುತ್ತಜ್ಜಿ ಹೇಳಿದರೆ ಅದನ್ನೂ ಬರೆದುಕೊಳ್ಳಿ. ಅದೂ ಆರೋಗ್ಯದ ಚರಿತ್ರೆಯೇ.

ಈ ಮಾತುಕತೆಯಿಂದ ಮಕ್ಕಳಿಗಾಗುವ ಲಾಭ ಬೇರೆಯೇ ಇದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ ಇಪ್ಪತ್ತು ಪ್ರಶ್ನೆ ಕೊಟ್ಟರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಭೇಟಿಯಾದರು ಎಂಬಂಥ ಮನೆಯ ಪ್ರಶ್ನೆಗಳು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು, ಆತಂಕ ಕಡಿಮೆ ಎಂದು ಅವರು ಕಂಡರು. ಮನೆಯ ಕಥೆ ಗೊತ್ತಿದ್ದುದರಿಂದಲೇ ಹಾಗಾಯಿತೋ, ಮಕ್ಕಳೊಡನೆ ಕೂತು ಕಥೆ ಹೇಳುವ ಮನೆಯೇ ಒಳ್ಳೆಯ ಮನೆಯಾದ್ದರಿಂದ ಹಾಗಾಯಿತೋ ಎಂದು ವಾದಿಸಬಹುದು. ನನಗಂತೂ ಎರಡೂ ಒಂದೇ ಅನ್ನಿಸುತ್ತದೆ.

ಮುಂದಿನ ಸಲ ಇಂಥ ಸಮಾರಂಭಕ್ಕೆ ಹೋಗುವಾಗ ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ನಿಮ್ಮಿಂದ ಮೇಲಕ್ಕೆ ಮೂರು ತಲೆಮಾರು, ತಂದೆಯ ಕಡೆ ತಾಯಿಯ ಕಡೆ ಎರಡೂ ಬರಲಿ. ಹೆಸರು, ಹುಟ್ಟಿದ ವರ್ಷ, ದೊಡ್ಡ ಕಾಯಿಲೆ, ಅದು ಶುರುವಾದ ವಯಸ್ಸು, ತೀರಿಕೊಂಡ ವಯಸ್ಸು ಮತ್ತು ಕಾರಣ ಇಷ್ಟು ಸಾಕು. ಬೀಡಿ, ಹೆಂಡದ ಅಭ್ಯಾಸವಿದ್ದರೆ ಸಣ್ಣ ಅಕ್ಷರದಲ್ಲಿ ಅದೂ ಇರಲಿ. ಎಳವೆಯಲ್ಲೇ ಹೋದ ಮಕ್ಕಳನ್ನು ಬಿಡಬೇಡಿ. ಅವರು ಯಾವ ವಂಶವೃಕ್ಷದಲ್ಲೂ ಇರುವುದಿಲ್ಲ, ವೈದ್ಯರಿಗೆ ಮಾತ್ರ ಅವರ ಲೆಕ್ಕ ಮುಖ್ಯ. ದತ್ತು ಬಂದವರಿದ್ದರೆ ಅವರು ಒಪ್ಪಿದರೆ ಮಾತ್ರ ಗುರುತು ಹಾಕಿ. ಯಾರಿಗೂ ಗೊತ್ತಿಲ್ಲದ ಕಡೆ 'ಗೊತ್ತಿಲ್ಲ' ಎಂದೇ ಬರೆಯಿರಿ. ವರ್ಷಕ್ಕೊಮ್ಮೆ ತಿದ್ದಿ, ನಿಮ್ಮ ಮನೆಯ ವೈದ್ಯರಿಗೆ ಒಮ್ಮೆ ತೋರಿಸಿ, ಮಕ್ಕಳು ದೊಡ್ಡವರಾದಾಗ ಅವರಿಗೊಂದು ಪ್ರತಿ ಕೊಡಿ.

ಇನ್ನು, ಯಾರನ್ನು ಕೇಳಬೇಕು? ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತ ಹಿರಿಯರಿಗೆ ಸರ್ವೆ ನಂಬರುಗಳು, ವ್ಯಾಜ್ಯಗಳು ನೆನಪಿರುತ್ತವೆ. ಕಾಯಿಲೆಗಳು ನೆನಪಿರುವುದು ರೋಗಿಗಳ ಪಕ್ಕದಲ್ಲಿ ರಾತ್ರಿ ಎದ್ದು ಕೂತವರಿಗೆ. ಊಟದ ಮನೆಯ ಮೂಲೆಯಲ್ಲಿ ಅಡಿಕೆಲೆ ಮುಂದಿಟ್ಟುಕೊಂಡು ಕುಳಿತಿರುವ ಅತ್ತೆಯನ್ನೋ ದೊಡ್ಡಮ್ಮನನ್ನೋ ಹುಡುಕಿ. ಹುಟ್ಟಿದ ಮನೆ, ಕೊಟ್ಟ ಮನೆ ಎರಡರದ್ದೂ ಅವರಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಕುಳಿತು, ಒಂದು ಎಲೆ ಮಡಚಿ ಕೊಟ್ಟು, 'ಅತ್ತೇ, ನಮ್ಮಜ್ಜನಿಗೆ ಕೊನೆಗಾಲದಲ್ಲಿ ಏನಾಗಿತ್ತು?' ಎಂದು ಕೇಳಿ.